ಬಾಯೊಳಗಿನ ಪೀಪಿ

ಫೆಬ್ರವರಿ ಬಂತೆಂದರೆ ನನ್ನ ಗಂಡ ಓಡೆಲ್‌ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಾರ್ಚ್ ಕೊನೆಗೆ ಕಾಡು ಟರ್ಕಿ ಕೋಳಿಯ ಬೇಟೆ ಶುರು. ಅಷ್ಟರೊಳಗೆ ನಾಲಿಗೆ ಪಳಗಿರಬೇಕು ಅನ್ನುತ್ತಿದ್ದ. ನಮ್ಮ ಅಲಬಾಮಾದ ಈ ಸೀಮೆಯಲ್ಲಿ ಹಕ್ಕಿಯನ್ನು ಹುಡುಕಿಕೊಂಡು ಅಲೆಯುವವನನ್ನು ಯಾರೂ ಬೇಟೆಗಾರ ಅನ್ನುವುದಿಲ್ಲ. ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತು, ಹೇಂಟೆಯ ದನಿಯಲ್ಲಿ ಕೂಗಿ, ಹುಂಜ ತಾನಾಗಿ ನಡೆದು ಬರುವ ಹಾಗೆ ಮಾಡಬೇಕು. ಆ ದನಿಯನ್ನು ಓಡೆಲ್ ಬಾಯೊಳಗಿನ ಪೀಪಿಯಿಂದ ತೆಗೆಯುತ್ತಿದ್ದ. ಕುದುರೆ ಲಾಳದ ಆಕಾರದ ಸಣ್ಣ ತಗಡು, ಅದಕ್ಕೆ ಬಿಗಿದ ತೆಳು ರಬ್ಬರ್ ಪೊರೆ, ಸುತ್ತ ಟೇಪು. ಅಂಗುಳಿಗೆ ಒತ್ತಿ ಹಿಡಿದು ಉಸಿರು ಬಿಟ್ಟರೆ ಹೇಂಟೆಯೊಂದು ನಮ್ಮ ಊಟದ ಮೇಜಿನ ಕೆಳಗೇ ಇದೆ ಅನ್ನಿಸುತ್ತಿತ್ತು.

ಪೀಪಿ ಆರಿಸಲು ಅವನು ಅಂಗಡಿಯಲ್ಲಿ ಕಳೆಯುತ್ತಿದ್ದಷ್ಟು ಹೊತ್ತನ್ನು ನಾನು ನನ್ನ ಮದುವೆ ಗೌನಿಗೂ ಕಳೆದಿರಲಿಲ್ಲ. ಒಂದೇ ಪೊರೆಯದ್ದು ಮೆತ್ತಗೆ ಕೂಗುತ್ತದೆ, ಎರಡು ಪೊರೆಯದ್ದು ಗೊಗ್ಗರು, ಅಂಚು ಸೀಳಿದ್ದಾದರೆ ಮುದಿ ಹೇಂಟೆಯ ಗಂಟಲು, ಹೀಗೆ. ಮನೆಗೆ ತಂದ ಮೇಲೆ ನನ್ನ ಹೊಲಿಗೆ ಕತ್ತರಿಯಿಂದಲೇ ಟೇಪನ್ನು ತನ್ನ ಅಂಗುಳಿಗೆ ಸರಿಹೋಗುವಂತೆ ಕತ್ತರಿಸುತ್ತಿದ್ದ. ಊದಿ ಮುಗಿದ ಮೇಲೆ ತೊಳೆದು, ಪೊರೆಗಳು ಅಂಟದಿರಲಿ ಅಂತ ನಡುವೆ ಹಲ್ಲುಕಡ್ಡಿಯ ಚೂರು ಸಿಕ್ಕಿಸಿ, ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸುತ್ತಿದ್ದ. ನಾನೋ, ಎರಡು ಕೂಗಿನ ನಡುವೆ ಸಿಕ್ಕ ಜಾಗದಲ್ಲಿ ಸಂಸಾರದ ಮಾತು ಮುಗಿಸಲು ಕಲಿತಿದ್ದೆ.

ಆ ವರ್ಷ ಫೆಬ್ರವರಿ ಬಂದರೂ ಮನೆ ತಣ್ಣಗಿತ್ತು. ಮೊದಲು ಹಾಯೆನಿಸಿತು. ಆಮೇಲೆ ನೋಡಿದರೆ ಓಡೆಲ್ ಮೆಕ್ಕೆಜೋಳದ ಗಂಜಿ ಬಿಟ್ಟು ಬೇರೇನೂ ತಿನ್ನುತ್ತಿಲ್ಲ, ಅದನ್ನೂ ಒಂದೇ ಕಡೆಯಿಂದ ನುಂಗುತ್ತಾನೆ. ಕೇಳಿದರೆ ಸುಸ್ತು ಅನ್ನುತ್ತಿದ್ದ. ಅವನು ಮರದ ದಿಮ್ಮಿಯ ಲಾರಿ ಓಡಿಸುತ್ತಾನೆ, ಸುಸ್ತಾಗುವುದು ಸಹಜವೇ ಅಂದುಕೊಂಡೆ.

ಒಂದು ಭಾನುವಾರ ಪಕ್ಕದ ಮನೆಯ ರೇಫೋರ್ಡ್ ಬಂದಿದ್ದ. ಇವರಿಬ್ಬರೂ ಮೀಸೆ ಮೂಡುವ ಮೊದಲಿಂದ ಜೊತೆಗೆ ಬೇಟೆಯಾಡಿದವರು. ಹೊರಡುವಾಗ ಓಡೆಲ್ ಒಳಗಿನಿಂದ ತನ್ನ ಅಪ್ಪ ಸೀಡರ್ ಮರದಲ್ಲಿ ಕೆತ್ತಿದ್ದ ಕೂಗುಪೆಟ್ಟಿಗೆಯನ್ನು ತಂದು ರೇಫೋರ್ಡ್‌ನ ಕೈಗಿಟ್ಟ. ಮುಚ್ಚಳವನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಕೂಗುವ ಪೆಟ್ಟಿಗೆ ಅದು. ನಮ್ಮ ಮಗಳಿಗೂ ಮುಟ್ಟಲು ಬಿಟ್ಟವನಲ್ಲ. ಇಟ್ಕೋ, ನಂಗೆ ಬೇಡ ಅಂದ. ರೇಫೋರ್ಡ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ರೇಫೋರ್ಡ್ ಹೋದ ಮೇಲೆ ಓಡೆಲ್‌ನನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಕೂರಿಸಿದೆ.

"ಬಾಯಿ ತೆಗಿ."

"ಏನಿಲ್ಲ ವರ್ಲೀನ್, ಬಿಡು."

"ಏನಿಲ್ಲ ಅಂದ್ರೆ ತೆಗಿಯೋಕೇನು ಕಷ್ಟ?"

ತೆಗೆದ. ಟಾರ್ಚ್ ಬಿಟ್ಟು ನೋಡಿದೆ. ಅಂಗುಳಿನಲ್ಲಿ ಕೆಂಪಗೆ ಹುಣ್ಣು, ಅದರ ಸುತ್ತ ಬಿಳಿ ಪೊರೆ. ನನಗೆ ಕೂಡಲೇ ಅವನ ಅಣ್ಣ ಹೋಯ್ಟ್ ಕಣ್ಮುಂದೆ ಬಂದ. ಹೋಯ್ಟ್‌ಗೆ ಶುರುವಾಗಿದ್ದೂ ಇಂಥದ್ದೇ ಒಂದು ಹುಣ್ಣಿನಿಂದ. ಅರ್ಧ ಅಂಗುಳು ಕತ್ತರಿಸಿದರು. ಕೊನೆಗೆ ಮೂಗಿನಲ್ಲಿ ಮಾತಾಡುತ್ತಿದ್ದ, ನಳಿಗೆಯಲ್ಲಿ ಊಟ. ಅಣ್ಣತಮ್ಮಂದಿರಿಬ್ಬರೂ ಹೊಗೆಸೊಪ್ಪು ಜಗಿಯುತ್ತಿದ್ದವರು. ಅಣ್ಣನನ್ನು ಮಣ್ಣು ಮಾಡಿದ ದಿನ ಓಡೆಲ್ ಬಿಟ್ಟಿದ್ದ.

ಕ್ರಿಸ್‌ಮಸ್‌ನಿಂದಲೇ ಗೊತ್ತಿತ್ತಂತೆ. ಬೇಟೆಯ ಕಾಲ ಮುಗಿಯಲಿ, ಆಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ, ಅಲ್ಲಿಗೆ ಹೋದರೆ ಅವರು ಮತ್ತೆ ಬಿಡುವುದಿಲ್ಲ ಅಂದ. ನಾನು ಜಗಳ ಆಡಲಿಲ್ಲ. ಮರುದಿನ ಬೆಳಿಗ್ಗೆ ಅವನ ಲಾರಿಯ ಕೀಲಿ ನನ್ನ ಏಪ್ರನ್ ಜೇಬಿನಲ್ಲಿಟ್ಟುಕೊಂಡು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನೋಡಿ, ಮೊಬೀಲ್ ನಗರದ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಕಾಯುವ ದಿನಗಳು ಕೆಟ್ಟವು. ಚರ್ಚಿನಲ್ಲಿ ಪ್ರಾರ್ಥನೆಗೆ ಹೆಸರು ಕೊಡಬೇಡ ಅಂದಿದ್ದ, ಕೊಟ್ಟರೆ ಮಧ್ಯಾಹ್ನದೊಳಗೆ ಊರೆಲ್ಲ ಗೊತ್ತಾಗುತ್ತದೆ ಅಂತ. ಬೆಳಕು ಹರಿಯುವಾಗ ಹಿಂದಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂರುತ್ತಿದ್ದ. ತೊರೆಯಾಚೆಯ ತಗ್ಗಿನಲ್ಲಿ ಹುಂಜಗಳು ಮರದ ಮೇಲಿಂದ ಗುಡುಗುತ್ತಿದ್ದವು. ಯಾವ ವರ್ಷವೂ ಅವನು ಉತ್ತರ ಕೊಡದೆ ಬಿಟ್ಟದ್ದಿಲ್ಲ. ಈಗ ಸುಮ್ಮನೆ ಕೇಳುತ್ತಿದ್ದ. ನಾನು ಪರದೆಯ ಹಿಂದೆ ನಿಂತು ಅವನ ಬೆನ್ನು ನೋಡುತ್ತಿದ್ದೆ.

ಫಲಿತಾಂಶಕ್ಕೆ ಹೋದಾಗ ಡಾಕ್ಟರ್, ನಮ್ಮ ಮಗಳ ವಯಸ್ಸಿನ ಹೆಂಗಸು, ನಾವು ಕೂರುವ ಮೊದಲೇ ಹೇಳಿಬಿಟ್ಟಳು.

"ಕ್ಯಾನ್ಸರ್ ಅಲ್ಲ."

ಓಡೆಲ್ ಕುರ್ಚಿಯ ಕೈ ಹಿಡಿದು ನಿಧಾನ ಕೂತ. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿ ಇನ್ನೊಂದು ಸಲ ಹೇಳಮ್ಮ ಅಂದೆ. ಅವಳು ಇನ್ನೊಂದು ಸಲ ಹೇಳಿದಳು. ಆಮೇಲೆ, ಹುಣ್ಣಿನ ಆಕಾರ ಮಾತ್ರ ತನಗೆ ಅರ್ಥವಾಗುತ್ತಿಲ್ಲ, ಲಾಳದ ಹಾಗೆ ಬಾಗಿದೆ ಅಂದಳು.

"ಬಾಯಲ್ಲಿ ಏನಾದ್ರೂ ಇಟ್ಕೊಳ್ತೀರಾ? ಕಟ್ಟಿಸಿದ ಹಲ್ಲು, ಅಂಥದ್ದು?"

ಓಡೆಲ್ ಇಲ್ಲ ಅಂದ. ನಾನು, ಮೊದಲು ಪೀಪಿ ಇಟ್ಟುಕೊಳ್ಳುತ್ತಿದ್ದ, ಈ ವರ್ಷ ಮುಟ್ಟಿಲ್ಲ ಅಂದೆ. ಅವನು ನೆಲ ನೋಡಿದ. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಪೀಪಿ ತೆಗೆದು ಮೇಜಿನ ಮೇಲಿಟ್ಟ. ಟೇಪು ಇನ್ನೂ ಒದ್ದೆಯಿತ್ತು. ಈ ಸಲ ಕ್ರಿಸ್‌ಮಸ್‌ಗೂ ಮೊದಲೇ ಶುರುಮಾಡಿ ದಿನಾ ಲಾರಿಯಲ್ಲಿ ಊದುತ್ತಿದ್ದನಂತೆ, ಹುಣ್ಣಾದ ಮೇಲೂ ನೋವು ನುಂಗಿಕೊಂಡು.

"ಹುಣ್ಣಿಟ್ಕೊಂಡು ಊದ್ತಿದ್ಯಾ?" ಅಂದೆ.

"ಇದೇ ಕೊನೇ ವರ್ಷ ಆದ್ರೆ ಅಂತ," ಅಂದ. "ಬಿಟ್ಟು ಕೂರೋಕಾಗ್ಲಿಲ್ಲ ಕಣೇ."

ಡಾಕ್ಟರ್ ಪೀಪಿಯನ್ನು ಚಿಮಟದಲ್ಲಿ ಎತ್ತಿ, ಅವನ ಬಾಯಿ ತೆಗೆಸಿ, ಹುಣ್ಣಿನ ಪಕ್ಕ ಹಿಡಿದಳು. ಎರಡೂ ಒಂದೇ ಆಕಾರ. ಟೇಪನ್ನು ತೀರಾ ಒಳಗೆ ಕತ್ತರಿಸಿದ್ದರಿಂದ ತಗಡಿನ ಅಂಚು ಹೊರಬಂದಿತ್ತು. ಜೊತೆಗೆ ರಬ್ಬರೂ ಅವನ ಮೈಗೆ ಒಗ್ಗದು. ವಯಸ್ಸಾದ ಮೇಲೂ ಹಾಗೆ ಶುರುವಾಗಬಹುದಂತೆ. ಇನ್ನು ಇದು ಬಾಯಿಗೆ ಹೋಗಕೂಡದು ಅಂದಳು. ಯಾವತ್ತೂನಾ ಅಂದ ಅವನು. ಯಾವತ್ತೂ ಅಂದಳು ಅವಳು. ಕಾರಿಡಾರಿಗೆ ಬಂದವಳೇ ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಅವನು ನನ್ನ ಬೆನ್ನು ತಟ್ಟುತ್ತ, ದಾರಿಯಲ್ಲಿ ಹೋಗುವ ನರ್ಸುಗಳಿಗೆಲ್ಲ ಒಳ್ಳೇ ಸುದ್ದಿನೇ, ಒಳ್ಳೇ ಸುದ್ದಿನೇ ಅಂತ ಹೇಳುತ್ತಿದ್ದ.

ರೇಫೋರ್ಡ್‌ಗೆ ಅದೇ ಸಂಜೆ ಹೇಳಿದೆವು. ಅವನು ಎದ್ದು ಹೋಗಿ ಕೂಗುಪೆಟ್ಟಿಗೆ ತಂದ.

"ತಗೋ. ಸಾಯ್ದೇ ಇರೋನ ಆಸ್ತಿ ಇಟ್ಕೊಂಡ್ರೆ ನಂಗೆ ನಿದ್ದೆ ಬರಲ್ಲ."

ಆದರೆ ಪೀಪಿ ಇಲ್ಲದೆ ಓಡೆಲ್ ಹೇಗೆ ಕೂಗುವುದು? ಅಂಗಡಿಗೆ ಹೋಗಿ ಸ್ಲೇಟು ತಂದ. ಅಂಗೈಯಗಲದ ದುಂಡು ಸ್ಲೇಟು, ಅದರ ಮೇಲೆ ಬಳಪದಂತೆ ಕಡ್ಡಿ ಹಿಡಿದು ಗೀರಬೇಕು. ಉಪ್ಪುಕಾಗದದಲ್ಲಿ ಸ್ಲೇಟು ಉಜ್ಜಿ ಒರಟು ಮಾಡಿಕೊಂಡು, ಹಿಕರಿ ಮರದ ಕಡ್ಡಿ, ಗಾಜಿನ ಕಡ್ಡಿ, ಎಲ್ಲ ಪ್ರಯತ್ನಿಸಿದ. ಆ ಕರ್ಕಶಕ್ಕೆ ನಮ್ಮ ನಾಯಿ ಮನೆ ಬಿಟ್ಟು ಹೋಯಿತು. ಅವನ ಕೈ ಸ್ಟೀರಿಂಗಿಗೆ ಪಳಗಿದ್ದು, ಸ್ಲೇಟಿಗಲ್ಲ. ಅದಲ್ಲದೆ ಸ್ಲೇಟಾಗಲಿ ಪೆಟ್ಟಿಗೆಯಾಗಲಿ, ಕೂಗಲು ಎರಡೂ ಕೈ ಬೇಕಾದರೆ ಬಂದೂಕು ಹಿಡಿಯುವವರಾರು? ರೇಫೋರ್ಡ್‌ಗೆ ಆ ವರ್ಷ ಮೊಣಕಾಲು ನೋವು, ತಗ್ಗಿಗೆ ಇಳಿಯಲಾರ.

ಒಂದು ರಾತ್ರಿ ಊಟದ ಮಧ್ಯೆ ಓಡೆಲ್ ಪೆಟ್ಟಿಗೆಯನ್ನು ನನ್ನ ತಟ್ಟೆಯ ಪಕ್ಕಕ್ಕಿಟ್ಟ.

"ನೀನೇ ಕೂಗು. ಇಷ್ಟು ವರ್ಷ ಕೇಳಿದ್ದೀಯಲ್ಲ, ಕಿವೀಲಿರುತ್ತೆ."

"ಕೇಳಿಲ್ಲ ಕಣೋ, ಸಹಿಸ್ಕೊಂಡಿದ್ದೀನಿ," ಅಂದೆ. ಆದರೂ ಕೈಗೆ ತೆಗೆದುಕೊಂಡೆ.

ಉಜ್ಜುವ ಅಂಚಿಗೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡು ಹತ್ತಿದರೆ ದನಿ ಸತ್ತಂತೆ. ಆಗಾಗ ಸೀಮೆಸುಣ್ಣ ಬಳಿಯಬೇಕು, ಎಣ್ಣೆ ಪಸೆ ಇರುವ ಸುಣ್ಣ ಕೂಡದು. ನಡೆಯುವಾಗ ಕಿರುಗುಟ್ಟದಂತೆ ರಬ್ಬರ್ ಬ್ಯಾಂಡ್ ಹಾಕಬೇಕು, ಮಂಜಿದ್ದರೆ ಬ್ರೆಡ್ಡಿನ ಚೀಲದಲ್ಲಿಡಬೇಕು. ಇವೆಲ್ಲ ಒಂದು ದಿನದಲ್ಲಿ ಬಂತು. ಕೂಗು ಬರಲಿಲ್ಲ. ಎಣ್ಣೆ ಕಾಣದ ಗೇಟಿನಂತೆ ಕಿರುಚುತ್ತಿತ್ತು. ಮುಚ್ಚಳ ಒತ್ತಬೇಡ, ಅದರ ಭಾರಕ್ಕೇ ಬಿಡು ಅಂತ ಅವನು ಮತ್ತೆ ಮತ್ತೆ ಹೇಳಿದ. ಈಗ ಅಡುಗೆಮನೆಯಲ್ಲಿ ಕೂಗುವವಳು ನಾನು, ಒಂಚೂರು ನೆಮ್ಮದಿಯಾಗಿ ತಿನ್ನೋಕೆ ಬಿಡು ಅನ್ನುವವನು ಅವನು. ಆ ಹೊತ್ತಿಗೆ ಅವನ ಹುಣ್ಣು ಮಾಯ್ದಿತ್ತು, ಎರಡೂ ಕಡೆಯಿಂದ ಜಗಿಯುತ್ತಿದ್ದ.

ಬೇಟೆಯ ಮೊದಲ ದಿನ ನಸುಕಿನಲ್ಲಿ ತಗ್ಗಿಗೆ ಇಳಿದೆವು. ಅವನು ಓಕ್ ಮರಕ್ಕೆ ಒರಗಿ ಬಂದೂಕನ್ನು ಮೊಣಕಾಲಿಗೆ ಊರಿದ. ನಾನು ಅದೇ ಮರದ ಪಕ್ಕಕ್ಕೆ, ಅವನ ಭುಜಕ್ಕೆ ತಾಗಿ ಕೂತೆ. ಹಕ್ಕಿಗೆ ಕಾಣದಂತೆ ಕಣ್ಣು ಬಿಟ್ಟು ಮುಖಕ್ಕೆಲ್ಲ ಬಲೆ, ಕೈಗೆ ಹಸಿರು ಗವಸು. ಬೆಳಕು ಬಿಟ್ಟಾಗ ಹುಂಜವೊಂದು ಗುಡುಗಿತು. ಅವನು ತಲೆಯಾಡಿಸಿದ. ನಾನು ಮುಚ್ಚಳ ಎಳೆದೆ. ಕೂಗು ನಡುಗಿತು, ಆದರೂ ಹೇಂಟೆಯ ಕೂಗೇ. ಹುಂಜ ಕೂಡಲೇ ಉತ್ತರ ಕೊಟ್ಟಿತು. ನನ್ನ ಕತ್ತಿನ ಕೂದಲು ಎದ್ದು ನಿಂತಿತು. ಇನ್ನೊಂದು ಸಲ ಎಳೆಯಲು ಹೋದರೆ ಓಡೆಲ್ ತುಟಿ ಅಲ್ಲಾಡದಂತೆ ಪಿಸುಗುಟ್ಟಿದ.

"ಸಾಕು. ಕೇಳಿಸ್ಕೊಂಡ. ಈಗ ಅವನು ಬರ್ಲಿ."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಣ ಎಲೆಯ ಮೇಲೆ ಹೆಜ್ಜೆ. ಪೊದೆಯ ಸಂದಿನಿಂದ ಹುಂಜ ಹೊರಬಂತು, ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆ ಗೀರುತ್ತ. ಅಂಥ ಚೆಂದದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಓಡೆಲ್‌ನ ಉಸಿರು ನನ್ನ ಭುಜಕ್ಕೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ನನ್ನ ರೆಪ್ಪೆಯ ಮೇಲೊಂದು ಸೊಳ್ಳೆ ಕೂತಿತು. ಕೈ ತಾನಾಗಿ ಮೇಲೆದ್ದಿತು, ನಾನು ಎತ್ತಲಿಲ್ಲ. ಹುಂಜ ಪಟ್ಟೆಂದು ಬಾಲ ಮುಚ್ಚಿ, ಕತ್ತು ಚಾಚಿ, ಓಡಿಯೇ ಹೋಯಿತು.

ಓಡೆಲ್ ಬಂದೂಕು ಇಳಿಸಿದ. ಅವನ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡು ಅವನ ಬಲೆ ಸರಿಸಿ ನೋಡಿದರೆ ನಗುತ್ತಿದ್ದ, ಬಾಯಿ ಅಗಲಿಸಿ, ದನಿಯಿಲ್ಲದೆ, ಕಣ್ಣಲ್ಲಿ ನೀರು.

"ತಪ್ಪಾಯ್ತು," ಅಂದೆ.

"ಹೋಗ್ಲಿ ಬಿಡೇ," ಅಂದ. "ಅವನೆಲ್ಲಿಗೆ ಹೋಗ್ತಾನೆ, ನಾವೆಲ್ಲಿಗೆ ಹೋಗ್ತೀವಿ."

ಬಿಸಿಲು ತೊರೆಯ ನೀರಿಗೆ ಇಳಿಯುವವರೆಗೂ ಅಲ್ಲೇ ಕೂತಿದ್ದೆವು. ಆಮೇಲೆ ಅವನು ಎದ್ದು, ನನ್ನ ಕೈ ಹಿಡಿದು ಎಬ್ಬಿಸಿ, ಹಸಿವಾಗ್ತಿದೆ ಅಂದ.