ಉರ್ದು ಗೂಡು

ಬಜೆ ಬೇರಿನ ಘಾಟು ವಾಸನೆ ಬಂದರೆ ಗಿರಿಜಾಬಾಯಿಗೆ ತಂದೆಯ ಪುಸ್ತಕದ ಪೆಟ್ಟಿಗೆ ನೆನಪಾಗುತ್ತಿತ್ತು. ಮಳೆಗಾಲ ಹಿಡಿಯುವ ಮೊದಲು ಅವರು ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಹುಳ ಹತ್ತಬಾರದೆಂದು ಪುಸ್ತಕ ಪುಸ್ತಕದ ನಡುವೆ ಬಜೆಯ ಚೂರು ಇಡುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಆ ಪೆಟ್ಟಿಗೆಯಿಂದಲೇ ಹಳಿಯಾಳದ ಪೇಟೆಯಲ್ಲಿ ಗಿರಿಜಾಬಾಯಿಯ ವಾಚನಾಲಯ ಶುರುವಾಯಿತು.

ಗೋಡೆಯಲ್ಲಿ ಸಾಲಾಗಿ ಗೂಡುಗಳು. ಕನ್ನಡಕ್ಕೊಂದು, ಮರಾಠಿಗೊಂದು, ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಪುಸ್ತಕಗಳಿಗೆ ಚಿಕ್ಕದೊಂದು. ಕಿಟಕಿಯ ಪಕ್ಕದ್ದು ಉರ್ದು ಗೂಡು. ಅದನ್ನು ತುಂಬಿಸಿದವನು ನಬೀಸಾಬ. ದಾಂಡೇಲಿಯ ಕಟ್ಟಿಗೆಯನ್ನು ಚಕ್ಕಡಿಯಲ್ಲಿ ಧಾರವಾಡಕ್ಕೆ ಸಾಗಿಸುತ್ತಿದ್ದ. ಬರುವಾಗ ಪುಸ್ತಕ ತರುತ್ತಿದ್ದ. ಅವನ ಹೆಂಡತಿ ರಹಿಮತಬಿ ಬದುಕಿನಲ್ಲಿ ಮೊದಲ ಸಲ ಪೂರ್ತಿ ಓದಿದ ಕಥೆಯ ಪುಸ್ತಕ ಆ ಗೂಡಿನದೇ.

ನಲವತ್ತೆರಡನೆಯ ಇಸವಿಯ ಗದ್ದಲ. ಸರಕಾರ ಬೇಡವೆಂದ ಪುಸ್ತಕ ಒಂದು ಸಿಕ್ಕರೂ ವಾಚನಾಲಯಕ್ಕೆ ಬೀಗಮುದ್ರೆ ಬೀಳುತ್ತದೆಂದು ಸುದ್ದಿ ಹಬ್ಬಿತು. ಊರ ಹಿರಿಯ ಅಂದಾನೆಪ್ಪ ಹೊಸ್ತಿಲ ಹೊರಗೇ ನಿಂತು ಹೇಳಿದರು.

"ಗಿರಿಜಕ್ಕ, ಪುರಾಣ ಅಷ್ಟ ಇಟಗೊಂಡು ಉಳಿದದ್ದು ಒಲಿಗೆ ಹಾಕ್ರಿ. ಆಗೂದಿಲ್ಲಾಂದ್ರ ಕೀಲಿ ನನ್ನ ಕೈಯಾಗ ಕೊಡ್ರಿ."

"ಒಲಿಗೆ ಹಾಕಾಕ ಪುಸ್ತಕ ಯಾಕ ಬೇಕ್ರಿ? ಇಷ್ಟ ದೊಡ್ಡ ಅಡವ್ಯಾಗ ಕಟಗಿ ತೀರ್ಯಾವೇನು?"

ಅಂದಾನೆಪ್ಪ ನಕ್ಕರು. ಗಿರಿಜಾಬಾಯಿಗೆ ನಗು ಬರಲಿಲ್ಲ. ಮರಾಠಿ ತಂದಾಗ ಕೆಲವರು ಬೇಡವೆಂದರು, ಉರ್ದು ತಂದಾಗ ಇನ್ನು ಕೆಲವರು, ಹೆಂಗಸರು ಕಥೆ ಓದತೊಡಗಿದಾಗ ಎಲ್ಲರೂ. ಅದೇ ಮಾತಿಗೆ ಅದೇ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು.

ಸಂತೆಯ ಮಧ್ಯಾಹ್ನ ನಬೀಸಾಬ ಖಾಲಿ ಅಕ್ಕಿಚೀಲ ಹಿಡಿದು ಬಂದ. ಅಪಾಯದ ಕನ್ನಡ, ಮರಾಠಿ ಪುಸ್ತಕಗಳನ್ನು ಅದರಲ್ಲಿ ತುಂಬಿದರು. ಗಿರಿಜಾಬಾಯಿ ರೂಢಿಯಂತೆ ನಡುವೆ ಬಜೆ ಇಟ್ಟಳು.

"ಉರ್ದು ಗೂಡಿಂದು?" ಎಂದ ನಬೀಸಾಬ.

"ಅವು ಬರೇ ಅಡಗಿ, ಔಷಧ, ಕಥಿ. ಅವನ್ನ ಯಾರು ಮುಟ್ಟತಾರ, ಇರಲಿ ಬಿಡ್ರಿ."

ಪುಸ್ತಕಗಳು ರಹಿಮತಬಿಯ ಅಕ್ಕಿ ಕಣಜದ ತಳಕ್ಕೆ ಹೋದವು.

ಪರವೂರಿನ ಫೌಜದಾರ ಬಂದ. ವಾಚನಾಲಯದಲ್ಲಿ ಹುಡುಕಿ, ಏನೂ ಸಿಗದೆ, ಪುಸ್ತಕ ತರುವವನ ಮನೆ ತೋರಿಸೆಂದು ಗಿರಿಜಾಬಾಯಿಯನ್ನೂ ಕರೆದುಕೊಂಡು ನಬೀಸಾಬನ ಮನೆಗೆ ನಡೆದ. ಜಮಾದಾರ ಕರಿಬಸಪ್ಪ ಕಣಜದೊಳಗೆ ಮೊಣಕೈವರೆಗೆ ಕೈ ತೂರಿದ. ಕೈ ಅಲ್ಲೇ ನಿಂತಿತು.

"ಏನೋ ಘಾಟು ಹೊಡೀತೈತಲ್ಲ?" ಫೌಜದಾರ ಮೂಗು ಮುರಿದ.

"ನುಸಿ ಹತ್ತಬಾರದಂತ ಬಜಿ ಹಾಕ್ಯಾರ್ರಿ ಸಾಹೇಬ್ರ. ನಮ್ಮ ಮನ್ಯಾಗೂ ಹಂಗ," ಎಂದು ಕರಿಬಸಪ್ಪ ಕೈ ಹೊರತೆಗೆದು ಅಕ್ಕಿ ಝಾಡಿಸಿಕೊಂಡ. ಅವನ ಮನೆಯ ಅಕ್ಕಿಗೆ ಬೇವಿನ ಸೊಪ್ಪು ಹಾಕುತ್ತಿದ್ದರು. ಬಜೆಯ ವಾಸನೆ ಅಲ್ಲಿಗೆ ಹೋಗಿದ್ದು ಅವನ ಮಗಳು ಒಯ್ಯುತ್ತಿದ್ದ ಪುಸ್ತಕಗಳ ಜೊತೆಗೆ. ಅವನು ಗಿರಿಜಾಬಾಯಿಯ ಮುಖ ನೋಡಲಿಲ್ಲ.

ಬರಿಗೈಯಲ್ಲಿ ಹೋಗುವುದು ಫೌಜದಾರನಿಗೆ ಸೇರಲಿಲ್ಲ. ಎಲ್ಲರನ್ನೂ ಕಟ್ಟಿಕೊಂಡು ಮತ್ತೆ ವಾಚನಾಲಯಕ್ಕೆ ಬಂದು ಕಿಟಕಿಯ ಗೂಡಿನ ಮುಂದೆ ನಿಂತ.

"ಇದರಾಗ ಏನ ಬರದೈತಿ?"

"ಓದಿ ಹೇಳತೇನ್ರಿ ಸಾಹೇಬ್ರ," ಎಂದ ನಬೀಸಾಬ.

"ನೀ ಓದೂದು, ನಾ ನಂಬೂದು? ನನಗ ತಿಳೀಲಾರದ್ದು ಇಲ್ಲಿ ಇರೂದ ಬ್ಯಾಡ."

ಗೂಡು ಬರಿದಾಯಿತು. ಪುಸ್ತಕಗಳನ್ನು ಕಚೇರಿಗೆ ಒಯ್ಯಲು ನಬೀಸಾಬನ ಚಕ್ಕಡಿಯನ್ನೇ ಹೂಡಿಸಿದರು. ತಾನು ತಂದದ್ದನ್ನು ತಾನೇ ಹೊಡೆದುಕೊಂಡು ಹೋದ.

ಸಂಜೆ ಗಿರಿಜಾಬಾಯಿ ನಬೀಸಾಬನ ಮನೆಯ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಸೆರಗಿನ ಗಂಟಿನಲ್ಲಿ ಕೀಲಿ ಇತ್ತು. ಬೆಳಗಾದರೆ ಅಂದಾನೆಪ್ಪನ ಕೈಯಲ್ಲಿ ಹಾಕಿ ಮಲಗಿಬಿಡಬೇಕು ಅನ್ನಿಸುತ್ತಿತ್ತು. ರಹಿಮತಬಿ ಕಣಜದಿಂದ ಒಂದೊಂದೇ ಪುಸ್ತಕ ತೆಗೆದು, ಅಂಟಿದ ಹಿಟ್ಟನ್ನು ಸೆರಗಿನಿಂದ ಒರೆಸಿ ಜೋಡಿಸುತ್ತಿದ್ದಳು. ಅವಳ ಕಥೆಯ ಪುಸ್ತಕ ಕಚೇರಿಯಲ್ಲಿತ್ತು.

"ಉಳಿದಾವನ್ನ ಮುಚ್ಚಿಟ್ಟು ನಿಮ್ಮವನ್ನ ಬಯಲಿಗೆ ಬಿಟ್ಟೆ, ರಹಿಮತಬಿ."

"ಅಡಗಿ ಪುಸ್ತಕಕ್ಕ ಪೊಲೀಸ್ರು ಬರ್ತಾರಂತ ಯಾರಿಗೆ ಗೊತ್ತರಿ ಬಾಯಿ? ಆ ಫೌಜದಾರ ಬಿರ್ಯಾನಿ ಮಾಡೂದರ ಕಲೀಲಿ."

ಖಾಲಿ ಚಕ್ಕಡಿಯ ಸದ್ದು ಅಂಗಳಕ್ಕೆ ಬಂತು. ನಬೀಸಾಬ ಎತ್ತು ಬಿಚ್ಚಿ ನೀರು ಕುಡಿಸಿ, ಪಡಸಾಲೆಗೆ ಬಂದು ಕೇಳಿದ.

"ಬರೂ ವಾರ ಧಾರವಾಡಕ್ಕ ಹೊಂಟೇನ್ರಿ ಬಾಯಿ. ಏನ ತರ್ಲಿ?"

ಗಿರಿಜಾಬಾಯಿ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

"ಸಿಕ್ಕದ್ದು ತರ್ರಿ. ಆ ಗೂಡು ಖಾಲಿ ಇದ್ದರ ನನಗ ಅಲ್ಲಿ ಕೂಡಾಕ ಆಗೂದಿಲ್ಲ."

ರಹಿಮತಬಿ ಎಂದಿನಂತೆ ಹೊಸ ಮುತ್ತಲ ಎಲೆಯಲ್ಲಿ ಒಣ ಅವಲಕ್ಕಿ, ಬೆಲ್ಲ ತಂದಳು. ತನ್ನ ಒಲೆಯಲ್ಲಿ ಬೆಂದದ್ದನ್ನು ಗಿರಿಜಾಬಾಯಿ ಉಣ್ಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಂದೂ ಅದಕ್ಕೆ ಮುನಿದವಳಲ್ಲ, ಒತ್ತಾಯ ಮಾಡಿದವಳೂ ಅಲ್ಲ.

"ಇದು ಬ್ಯಾಡ ರಹಿಮತಬಿ. ನೀವು ಉಣ್ಣೂದ ಕೊಡ್ರಿ."

ರಹಿಮತಬಿ ಅವಲಕ್ಕಿಯ ಎಲೆಯನ್ನು ಮಡಚಿ ಬದಿಗಿಟ್ಟಳು. ಆಮೇಲೆ ಒಳಗೆ ಹೋಗಿ, ಬಿಸಿ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ತಂದು, ಅವಳ ಕೈಯಲ್ಲಿಟ್ಟಳು.