ಓರೆಗಾಲಿನ ಕುರ್ಚಿಗಳು

ಬಿಕ್ಕೋಡಿನಾಚೆ, ಅಣ್ಣ ಇಂದ್ರೇಶನ ಕಾಫಿತೋಟದ ಮೇಲಂಚಿನಲ್ಲಿದ್ದ ಹಲಗೆಗೋಡೆಯ ಕಾವಲುಮನೆಗೆ ಹೇಮಾಶ್ರೀ ಮೊದಲು ಹಾಕಿಸಿದ್ದು ಒಳಗಡೆಯ ಚಿಲಕ. ಅರಸೀಕೆರೆಯ ಮನೆಯಲ್ಲಿ ಚಿಲಕವಿದ್ದದ್ದು ಹೊರಗಡೆ. ಗಂಡ ಚೇತನ್‌ಕುಮಾರ್ ಕೆಲಸಕ್ಕೆ ಹೊರಡುವಾಗ ಅದನ್ನು ಎಳೆದು ಬೀಗ ಹಾಕುತ್ತಿದ್ದ. ಸಂಜೆ ಬಂದು ತೆಗೆಯುತ್ತಿದ್ದ.

ಅವಳು ತಪ್ಪಿಸಿಕೊಂಡು ತವರಿಗೆ ಬಂದ ಮೇಲೆ ಹಿರಿಯರು ಕೂತು ಮಾತಾಡಿದ್ದರು. ಕೊನೆಗೆ ಇಂದ್ರೇಶ ಹೇಳಿದ್ದ:

“ಆ ಮನೇನ ಹೋಂಸ್ಟೇ ಮಾಡ್ತೀನಿ ಅಂತೀಯ, ಮಾಡು. ನಡುದ್ರೆ ನೀನಿಲ್ಲೇ ಇರು, ಕೇಳ್ದೋರ್‍ಗೆ ನಾನು ಹೇಳ್ಕೊತೀನಿ. ನಡೀದಿದ್ರೆ ಅಲ್ಲಿ ಗೊಬ್ಬರದ ಮೂಟೆ ಜೋಡುಸ್ತೀನಿ, ನೀನು ಅರಸೀಕೆರೆಗೆ ಹೊರಡು.”

ಪ್ರವಾಸಿಗರನ್ನು ಕಳಿಸುವ ಕಂಪನಿಯ ಸೌಂದರ್ಯ ಫೋನಿನಲ್ಲಿ ಅಂದಿದ್ದಳು: “ಹಳ್ಳಿಮನೆ ಎಲ್ಲರ ಹತ್ರಾನೂ ಇದೆ ಮೇಡಂ. ನೀವು ಒಳಗೆ ಅರವತ್ತರ ದಶಕದ ಫರ್ನಿಚರ್ ಹಾಕಿ. ಕೆತ್ತನೆ ಗಿತ್ತನೆ ಬೇಡ. ಸಪೂರ ಓರೆಗಾಲು, ಬೆತ್ತದ ಒರಗು. ಬಂದು ನೋಡ್ತೀನಿ.”

ಅಂಥವು ಸಿಕ್ಕಿದ್ದು ಹಳೇಬೀಡಿನಲ್ಲಿ. ಎಂಜಿನಿಯರಾಗಿದ್ದ ಷಡಕ್ಷರಪ್ಪನವರ ಮನೆಯನ್ನು ಮೊಮ್ಮಕ್ಕಳು ಕೆಡವಿಸುತ್ತಿದ್ದರು. ಎರಡು ತೇಗದ ಕುರ್ಚಿ, ಒಂದು ಗಿಡ್ಡ ಮೇಜು, ರೇಡಿಯೋ ಇಡುತ್ತಿದ್ದ ಪೆಟ್ಟಿಗೆ. ಗೂಡ್ಸ್ ಆಟೋದಲ್ಲಿ ತಂದು, ಮೇಲಿದ್ದ ಬಣ್ಣವನ್ನು ತಿಂಗಳುಗಟ್ಟಲೆ ಉಜ್ಜಿ ತೆಗೆದಳು. ಬೇಲೂರಿನಿಂದ ಸಾಸಿವೆಹೂವಿನ ಬಣ್ಣದ ಬಟ್ಟೆ ತಂದು ದಿಂಬು ಹೊಲಿದಳು. ಮಸಿ ಹಿಡಿದ ಹಲಗೆಗಳ ನಡುವೆ ಆ ಹಗುರ ಕುರ್ಚಿಗಳನ್ನು ಇಟ್ಟಾಗ, ಗಿಡ್ಡ ಸೂರಿನ ಮನೆ ಸ್ವಲ್ಪ ಎತ್ತರವಾದಂತೆ ಕಂಡಿತು.

ತಾಯಿ ಸಣ್ಣತಾಯಮ್ಮ ಬಾಗಿಲಲ್ಲೇ ನಿಂತು ನೋಡಿದಳು. “ಇದ್ಯಾಕೆ ಮಗ, ಈಗ ತಾನೆ ಹುಟ್ಟಿದ ಕರುವಿನಂಗೆ ಕಾಲು ಅಗಲುಸ್ಕೊಂಡು ನಿಂತೈತೆ?”

“ಅದು ಹಂಗೇ ಇರ್ಬೇಕಂತೆ ಕಣವ್ವ.”

“ಕೂತ್ಕಂಡ್ರೆ ಬೀಳಲ್ವಾ?”

“ಕೂತು ನೋಡು.”

“ಅಯ್ಯೋ, ನಾನ್ಯಾಕೆ ಕೂರ್ಲಿ,” ಎಂದು ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಮಗನ ಮನೆಯಲ್ಲಿ ಅವಳು ಕುರ್ಚಿ ಮೇಲೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಸೌಂದರ್ಯ ಬರುವ ದಿನ ಬೆಳಿಗ್ಗೆ ಹೇಮಾಶ್ರೀ ಸ್ನಾನಕ್ಕೆಂದು ಕೆಳಗಿನ ಮನೆಗೆ ಹೋಗಿ ಬರುವಷ್ಟರಲ್ಲಿ ಕಾವಲುಮನೆಯ ಹೊಸ್ತಿಲಲ್ಲಿ ರಂಗೋಲಿ ಬಿದ್ದಿತ್ತು. ಒಳಗೆ ಹಸಿ ಸಗಣಿಯ ವಾಸನೆ. ಬರುವವರ ಮುಂದೆ ಗುಳಿಬಿದ್ದ ನೆಲ ಕಾಣಬಾರದೆಂದು ಸಣ್ಣತಾಯಮ್ಮ ಕೆಮ್ಮಣ್ಣು ಮೆತ್ತಿ, ಮೇಲೆ ದಪ್ಪಗೆ ಸಾರಿಸಿ, ಸಾಮಾನನ್ನೆಲ್ಲ ಆ ಹಸಿ ನೆಲದ ಮೇಲೆ ಮತ್ತೆ ಇದ್ದಲ್ಲಿಯೇ ಇಟ್ಟಿದ್ದಳು. ಪೆನ್ಸಿಲಿನ ಹಾಗೆ ಚೂಪಾದ ಕಾಲುಗಳು ಒಂದೊಂದೂ ಒಂದೊಂದು ಆಳಕ್ಕೆ ಇಳಿದಿದ್ದವು. ಮೇಜು ಬಾಗಿಲ ಕಡೆಗೆ ವಾಲಿತ್ತು.

“ಯಾರವ್ವ ಹೇಳಿದ್ರು ನಿಂಗೆ!”

“ಬರೋರ್‍ಗೆ ಸಾರಿಸದ ನೆಲ ತೋರ್ಸಕಾಯ್ತದಾ? ನಿಂಗೆ ಒಳ್ಳೇದಾಗ್ಲಿ ಅಂತಾನೇ...”

ಹೊರಗೆ ಸೋನೆ, ನೆಲ ಒಣಗುವ ಮಾತೇ ಇರಲಿಲ್ಲ. ಹೇಮಾಶ್ರೀ ಒಲೆಯ ಕೆಂಡವನ್ನು ಬಾಣಲೆಯಲ್ಲಿ ತಂದು ಅಲ್ಲಲ್ಲಿ ಹಿಡಿದಳು. ತಾಯಿ ಮೊರದಿಂದ ಗಾಳಿ ಬೀಸಿದಳು. ಮನೆ ತುಂಬ ಹೊಗೆಯಾಯಿತು. ಕಾಲುಗಳ ಕೆಳಗೆ ಹೆಂಚಿನ ಚೂರು ಕೊಟ್ಟರೆ ಆ ಚೂರೂ ಮಣ್ಣಿಗಿಳಿಯಿತು. ಅಷ್ಟರಲ್ಲಿ ಕೆಳಗೆ ಕಾರಿನ ಹಾರನ್ ಕೇಳಿಸಿತು.

ಸೌಂದರ್ಯ ಒಳ್ಳೆಯ ಹುಡುಗಿ. ಹೊಗೆಗೆ ಕೆಮ್ಮಿದರೂ ದಿಂಬು ಸವರಿ, “ಸೂಪರ್ ಮೇಡಂ, ಎಲ್ಲಿ ಸಿಕ್ತು ಇವೆಲ್ಲ?” ಎನ್ನುತ್ತ ಕೂತಳು. ಕುರ್ಚಿ ಒಂದು ಮಗ್ಗುಲಿಗೆ ಕುಸಿಯಿತು. ಬೀಳದಿರಲೆಂದು ಊರಿದ ಅಂಗೈ ಸಗಣಿಗೆ ಹೋಯಿತು. ಕೈ ತೊಳೆದುಕೊಂಡು ಬಂದು ಮೆಲ್ಲಗೆ ಅಂದಳು: “ಮೊದಲು ರೆಡ್ ಆಕ್ಸೈಡ್ ನೆಲ ಹಾಕ್ಸಿ. ಮುಂದಿನ ಸೀಸನ್ನಿಗೆ ನೋಡೋಣ.”

“ಅಲ್ಲೀವರ್‍ಗೂ ನಾನಿಲ್ಲಿರಲ್ಲ ಮೇಡಂ.”

“ಯಾಕೆ, ಎಲ್ಲಿಗೆ ಹೋಗ್ತೀರ?”

ಹೇಮಾಶ್ರೀ ಕೊಡೆ ಬಿಚ್ಚಿ ಅವಳನ್ನು ಕಾರಿನವರೆಗೆ ಬಿಟ್ಟು ಬಂದಳು. 

ವಿಷಯ ತಿಳಿದ ಇಂದ್ರೇಶ ಆಗಲೇ ಅರಸೀಕೆರೆಗೆ, ಅವಳ ಗಂಡನಿಗೆ ಫೋನ್ ಮಾಡಿದ. ಮಾರನೆಯ ದಿನ ಮಳೆ ನಿಂತಿತು, ಬಿಸಿಲು ಬಿತ್ತು, ನೆಲ ಒಣಗಿತು. ಮಧ್ಯಾಹ್ನ ಇಂದ್ರೇಶ ಮೇಲೆ ಬಂದಾಗ ಹೇಮಾಶ್ರೀ ವಾಲಿದ ಕುರ್ಚಿಯಲ್ಲಿ ಕೂತಿದ್ದಳು.

“ಚೇತನ್ ಬಂದವ್ನೆ, ಗೇಟ್ ತಾವ ಅವ್ನೆ. ಏಳಮ್ಮಿ. ಮೂಟೆ ಇಳುಸ್ಬೇಕು.”

“ಏಳಲ್ಲ.”

ಅವನು ಇನ್ನೊಂದು ಕುರ್ಚಿಗೆ ಕೈಹಾಕಿ ಎಳೆದ. ಅಲುಗಲಿಲ್ಲ. ಒಣಗಿದ ಮಣ್ಣು ನಾಲ್ಕೂ ಕಾಲನ್ನು ಕಚ್ಚಿ ಹಿಡಿದಿತ್ತು. “ಏನವ್ವ ಇದು, ನಾಟಿ ಹಾಕ್ಬಿಟ್ಟಿದ್ದೀಯಾ?” ಎಂದು ಹೊರಗೆ ನಿಂತಿದ್ದ ತಾಯಿಯ ಮೇಲೆ ರೇಗಿ, ಹಾರೆ ತರಲು ಕೆಳಗೆ ಹೋದ.

ಸಣ್ಣತಾಯಮ್ಮ ಒಳಗೆ ಬಂದಳು. ಬಾಗಿಲು ಮುಚ್ಚಿ ಒಳಗಿನ ಚಿಲಕ ಹಾಕಿದಳು. ಸೆರಗಿನಿಂದ ಬೆವರೊರೆಸಿಕೊಂಡು, ಒಂದು ಕ್ಷಣ ಹಿಂದೆಮುಂದೆ ನೋಡಿ, ಮಗಳ ಪಕ್ಕದ ಕುರ್ಚಿಯಲ್ಲಿ ಕೂತಳು.

ದಾರಿಯಲ್ಲಿ ಇಬ್ಬರು ಗಂಡಸರ ಮಾತು ಹತ್ತಿರವಾಗುತ್ತಿತ್ತು.

“ಈ ಚಿಲಕ ಗಟ್ಟಿ ಐತೇನೇ?”

“ಗೊತ್ತಿಲ್ಲ ಕಣವ್ವ.”