ಯಾರೂ ಇಲ್ಲದ ಬಂಡೆ

ಕ್ಯಾಲೆಂಡರಿಗೆ ಚಿತ್ರ ತೆಗೆಯುತ್ತೇವೆ, ಸಂಜೆಯವರೆಗೆ ಒಂದಿಷ್ಟು ಬಂಡೆಯ ಹಿಂದೆ ಅಡಗಿಕೊಳ್ಳಿ ಎಂದಿದ್ದ ಶಾಕಿರ್. ಅಮ್ಮಾನ್ ಪಟ್ಟಣದಿಂದ ಬಂದ ಫೋಟೋಗ್ರಾಫರ್. ಮರುಭೂಮಿಯ ಡೇರೆಗಳಲ್ಲಿ ಬದುಕುವ ನಮ್ಮವರು ಕೇಳಿ ಖುಷಿಪಟ್ಟರು. ಅಡಗುವುದೆಂದರೆ ಮುದುಕರಿಗೂ ಆಟ.

'ಮುದುಕಿಯ ಹಲ್ಲು' ಎಂದು ನಾವು ಕರೆಯುವ ಕೆಂಪು ಮರಳುಗಲ್ಲಿನ ಬಂಡೆಯ ಬುಡದಲ್ಲಿ ನೀರು ಜಿನುಗುತ್ತದೆ. ಆ ನೀರಿನ ಪಕ್ಕದಲ್ಲೇ ನನ್ನ ಸೋದರತ್ತೆ ಹಮ್ದಾಳ ಡೇರೆ. ಅಂದು ಡೇರೆಯನ್ನು ಮಡಚಿದರು. ಆಡುಗಳನ್ನು ಬಂಡೆಯ ಬಿರುಕಿನೊಳಗೆ ತಳ್ಳಿ ಮುಳ್ಳು ಅಡ್ಡ ಇಟ್ಟರು. ಅತ್ತೆಯ ದಢೂತಿ ತಮ್ಮ, ನನ್ನ ಚಿಕ್ಕಪ್ಪ ದೈಫಲ್ಲಾ ಒಂದು ಸಣ್ಣ ಕಲ್ಲಿನ ಹಿಂದೆ ಕುಳಿತು, ತಾನು ಕಾಣುತ್ತಿಲ್ಲವೆಂದು ಗಟ್ಟಿಯಾಗಿ ನಂಬಿದ್ದ.

ನಾನು ಮಾರ್ಗದರ್ಶಿ, ಮುತ್ಲಾಕ್. ಶಾಕಿರನ ಮೂರುಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲಿಟ್ಟುಕೊಂಡು ಎದುರಿನ ಬಂಡೆ ಹತ್ತುತ್ತಿದ್ದೆ. ಹಿಂದೆ ಶಾಕಿರ್ ನಾಲ್ಕು ಕಾಲಿನಲ್ಲಿ ಬರುತ್ತಿದ್ದ. ಮೇಲೆ ತಲುಪಿ, ಉಸಿರು ಸಿಕ್ಕಿದ ಮೇಲೆ, ಅವನ ಬಾಯಿ ಸಡಿಲವಾಯಿತು.

"ಕ್ಯಾಲೆಂಡರೂ ಇಲ್ಲ, ಏನೂ ಇಲ್ಲ ಮುತ್ಲಾಕ್. ಗಾಜಿನ ಹೋಟೆಲ್ ಕಟ್ಟೋ ಕಂಪನಿಯವ್ರು ಕಳ್ಸಿದ್ದು. ಇಲ್ಲಿ ಯಾರೂ ಇಲ್ಲ ಅಂತ ಸರ್ಕಾರಕ್ಕೆ ಒಂದು ಚಿತ್ರ ತೋರ್ಸಿದ್ರೆ ಜಾಗ ಅವ್ರದ್ದಾಗುತ್ತೆ."

"ಯಾರೂ ಇಲ್ಲ ಅಂದ್ರೆ? ನಮ್ಮತ್ತೆ ಇದ್ದಾರಲ್ಲ!"

"ಚಿತ್ರದಲ್ಲಿ ಇರಲ್ವಲ್ಲ."

ಖಾಲಿ ಎಂಬ ಮಾತು ಈ ಜನರ ಕೈಯಲ್ಲಿ ಪೊರಕೆ. ಮೊದಲು ನಮ್ಮನ್ನು ಗುಡಿಸುತ್ತಾರೆ, ಆಮೇಲೆ ಎಷ್ಟು ಚೊಕ್ಕಟವಾಗಿದೆ ಎಂದು ತಾವೇ ಬೆರಗಾಗುತ್ತಾರೆ. ಸ್ಟ್ಯಾಂಡು ಕೆಳಗಿಟ್ಟು ಕಣಿವೆಯ ಆಚೆಗೆ ಕೂಗಿದೆ.

"ಅತ್ತೇ! ಕ್ಯಾಲೆಂಡರ್ ಅಲ್ವಂತೇ! ನಿನ್ನ ಜಾಗದಲ್ಲಿ ಹೋಟೆಲ್ ಕಟ್ತಾರಂತೇ!"

"ಕೂಗ್ಬೇಡ್ವೋ!" ಎಂದು ಅತ್ತೆಯ ದನಿಯಲ್ಲಿ ಬಂಡೆಯೊಂದು ಉತ್ತರಿಸಿತು. "ನಾವಿಲ್ಲಿ ಇಲ್ಲ!"

"ಇಲ್ಲ ಅಂತಾನೇ ಜಾಗ ಕಿತ್ಕೋತಾರಂತೆ ಅತ್ತೇ!"

ಬಂಡೆಗೆ ಸಂಜೆಬಿಸಿಲು ತಾಗಿ ಅದು ಕೆಂಡದಂತಾಯಿತು. ಶಾಕಿರ್ ಒಂದು ಕಣ್ಣು ಮುಚ್ಚಿ ಕ್ಯಾಮೆರಾಕ್ಕೆ ಬಾಗಿದ. ಅಷ್ಟರಲ್ಲಿ ಕೇಳಿಸಿತು: ಟಣ್, ಟಟಣ್, ಟಣ್.

ಅತ್ತೆ ಕಾಫಿಬೀಜ ಕುಟ್ಟುತ್ತಿದ್ದಳು. ನಮ್ಮಲ್ಲಿ ಆ ಸದ್ದು ಕಿವಿಗೆ ಬಿದ್ದವರು ಕರೆಯುವವರೆಗೆ ಕಾಯುವುದಿಲ್ಲ, ಎದ್ದು ಬರುತ್ತಾರೆ. ಬಂದರು. ಬಿರುಕು, ಗುಹೆ, ಪೊದೆ, ಎಲ್ಲೆಲ್ಲಿಂದಲೋ ಬಂದರು; ಒಬ್ಬಳಂತೂ ಮಡಚಿದ ಡೇರೆಯೊಳಗಿಂದಲೇ ತೆವಳಿ ಬಂದಳು. ದೈಫಲ್ಲಾ ಎದ್ದಾಗ ಅವನ ಕಲ್ಲೂ ಜೊತೆಗೆ ಉರುಳಿತು. ಮುಳ್ಳು ಕಾಯುತ್ತಿದ್ದವನೂ ಕಾಫಿಗೆ ಹೊರಟಿದ್ದರಿಂದ ಆಡುಗಳೂ ಹೊರಟವು.

"ಒಳಗೆ ಹೋಗ್ರೀ! ಕಲ್ಲಿನ ಚಿತ್ರ ಹಾಳಾಗ್ತಿದೆ!" ಎಂದು ಕಿರುಚುತ್ತ ಶಾಕಿರ್ ಇಳಿದ. ಇಳಿದನೆನ್ನುವುದು ಮರ್ಯಾದೆಯ ಮಾತು. ಹೆಚ್ಚುಪಾಲು ಕುಂಡಿಯ ಮೇಲೆಯೇ ಜಾರಿದ. ಬಂಡೆಯ ಸಾಕಷ್ಟು ಭಾಗ ಅವನ ಪ್ಯಾಂಟಿಗೆ ಅಂಟಿಕೊಂಡು ಬಂತು.

ಕ್ಯಾಮೆರಾ, ಸ್ಟ್ಯಾಂಡು ಹೊತ್ತು ನಾನೂ ಹಿಂದೆಯೇ ಇಳಿದೆ. ನಾವು ತಲುಪುವಷ್ಟರಲ್ಲಿ ಡೇರೆ ಮತ್ತೆ ಎದ್ದಿತ್ತು. ಅತ್ತೆ ಅವನ ಕೈಗೆ ಬಟ್ಟಲು ಕೊಟ್ಟಳು.

"ಕುಡಿ ಮಗಾ. ಬೆಳಗಿಂದ ನಮ್ಮನ್ನ ಇಲ್ಲ ಅನ್ನಿಸಿ ದಣಿದಿದ್ದೀಯ."

ಶಾಕಿರ್ ಸಿಟ್ಟಿನಿಂದ, ತುಟಿಗೂ ತಾಗಿಸದೆ, ಬಟ್ಟಲನ್ನು ಮರಳಿನ ಮೇಲೆ ಕುಕ್ಕಿದ.

ಎಲ್ಲರೂ ಆ ಬಟ್ಟಲಿನತ್ತ ತಿರುಗಿದರು. ಅತಿಥಿ ಕಾಫಿ ಕುಡಿಯದೆ ಬಟ್ಟಲು ಕೆಳಗಿಟ್ಟರೆ ಅವನಿಗೊಂದು ಬೇಡಿಕೆ ಇದೆ ಎಂದರ್ಥ. ನಡೆಸಿಕೊಡದ ಮನೆಯವರು ಮತ್ತೆ ಮುಖ ಎತ್ತಿ ತಿರುಗುವಂತಿಲ್ಲ. ಹೆಣ್ಣು ಕೇಳಲು ಬಂದವರೂ ಹೀಗೆಯೇ ಇಡುತ್ತಾರೆ.

"ಯಾವ ಹುಡುಗಿ ಮೇಲಯ್ಯಾ ಕಣ್ಣು?" ಎಂದ ದೈಫಲ್ಲಾ.

"ಪ್ಯಾಂಟ್ ಹರಿದಿರೋನಿಗೆ ಯಾರು ಕೊಡ್ತಾರೆ?" ಎಂದಿತು ಹೆಂಗಸರ ಕಡೆಯ ಒಂದು ದನಿ.

ಶಾಕಿರನಿಗೂ ಪದ್ಧತಿ ಗೊತ್ತಿತ್ತು. ಅವನ ಅಜ್ಜನೂ ಡೇರೆಯಲ್ಲೇ ಹುಟ್ಟಿದವನು. ತಾನು ಮಾಡಿದ್ದೇನೆಂದು ಹೊಳೆದದ್ದೇ ಅವನ ಮುಖ ಅರಳಿತು.

"ಹೌದು, ಬೇಡಿಕೆ ಇದೆ. ನನಗೆ ಈ ಬಂಡೆಯ ಒಂದು ಚಿತ್ರ ಬೇಕು. ಅದರಲ್ಲಿ ಒಬ್ಬ ಮನುಷ್ಯನೂ ಇರಬಾರ್ದು!"

ಪದ್ಧತಿಯನ್ನು ಅಮ್ಮಾನಿನಲ್ಲಿ ಬಿಟ್ಟು ಬಂದವನು ಈಗ ಅದನ್ನೇ ತಂದು ನಮ್ಮ ಕತ್ತಿಗೆ ಹಾಕಿದ್ದ. ಇಲ್ಲ ಎಂದರೆ ಅತ್ತೆಯ ಮಾನ ಹೋಗುತ್ತದೆ, ಹೂಂ ಎಂದರೆ ನೀರು ಹೋಗುತ್ತದೆ.

ಅತ್ತೆ ಬಂಡೆಯನ್ನು ನೋಡಿದಳು, ಬಟ್ಟಲನ್ನು ನೋಡಿದಳು.

"ಮನುಷ್ಯರು ಇರಬಾರ್ದು. ಅಷ್ಟೇ ತಾನೇ?"

"ಅಷ್ಟೇ."

"ಕೊಟ್ಟೆ. ಕುಡಿ."

ಗೆದ್ದ ಶಾಕಿರ್ ಒಂದೇ ಗುಟುಕಿಗೆ ಕುಡಿದ. ಒಂದು ಬಟ್ಟಲಿಗೆ ಒಂದೇ ಬೇಡಿಕೆ, ಅಲ್ಲಿಗೆ ಮುಗಿಯಿತು. ಅತ್ತೆ ಎದ್ದು ನಿಲುವಂಗಿ ಝಾಡಿಸಿದಳು.

"ಏಳ್ರೋ ಎಲ್ಲಾ. ಮನುಷ್ಯರು ಮಾತ್ರ ಈಚೆ ಬನ್ನಿ. ಉಳಿದದ್ದು ಯಾವ್ದನ್ನೂ ಮುಟ್ಬೇಡಿ."

ನಾವೆಲ್ಲ ಕ್ಯಾಮೆರಾದ ಹಿಂದೆ ಒತ್ತೊತ್ತಾಗಿ ನಿಂತೆವು. ಮುಂದೆ ಕೆಂಪು ಬಂಡೆ. ಅದರ ಬುಡದಲ್ಲಿ ಕರಿಯ ಡೇರೆ, ಹೊಗೆಯಾಡುವ ಒಲೆ, ಹಗ್ಗದ ಮೇಲೆ ದೈಫಲ್ಲಾನ ಉದ್ದನೆಯ ಒಳಚಡ್ಡಿ. ಬಂಡೆಯ ಮೆಟ್ಟಿಲು ಮೆಟ್ಟಿಲಿಗೂ ಆಡು. ತುದಿಯಲ್ಲಿ ಗಡ್ಡದ ಹೋತವೊಂದು ಮೆಲುಕು ಹಾಕುತ್ತ ಕ್ಯಾಮೆರಾವನ್ನೇ ನೋಡುತ್ತಿತ್ತು.

"ಇವನ್ನೆಲ್ಲ ತೆಗೀರಿ!"

"ಅದು ಇನ್ನೊಂದು ಬೇಡಿಕೆ," ಎಂದಳು ಅತ್ತೆ. "ಬೇಗ ತೆಗಿ, ಬೆಳಕು ಹೋಗ್ತಿದೆ."

ಅವನು ಗುಂಡಿ ಒತ್ತಿದ. ಸೂರ್ಯ ಇಳಿದ. ಪರದೆಯನ್ನು ದಿಟ್ಟಿಸಿ ಅಳುಮೋರೆ ಮಾಡಿದ.

"ಇದನ್ನ ತೋರ್ಸಿದ್ರೆ ಆಡು ಯಾರದ್ದು ಅಂತ ಕೇಳ್ತಾರಲ್ಲಮ್ಮಾ!"

"ಕೇಳ್ಲಿ," ಎಂದು ಅತ್ತೆ ಮತ್ತೆ ಬೀಜ ಕುಟ್ಟತೊಡಗಿದಳು. "ಇಲ್ಲಿಗೇ ಬಂದು ಕೇಳ್ಲಿ."